ನಮ್ಮ ಎಂಪಿ ಸದನದಲ್ಲಿ ಬಾಯಿ ಬಿಟ್ಟಾರೋ ಇಲ್ಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ಗದಗದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಕೌಂಟರಿನ ಕೆಳಗೆ ಕೆಂಪು ರಟ್ಟಿನ ಉದ್ದನೆಯ ಖಾತೆ ಪುಸ್ತಕವಿದೆ. ಉದ್ರಿ ಬರೆಯಲು ತಂದದ್ದು. ಈಗ ಅದರಲ್ಲಿ ನಮ್ಮ ಭಾಗದ ಸಂಸದರು, ಶಾಸಕರು ಸದನದಲ್ಲಿ ಕೇಳಿದ ಪ್ರಶ್ನೆ, ಆಡಿದ ಮಾತು, ಹಾಕಿದ ಮತ ಬರೆದಿಡುತ್ತೇನೆ. ಅಫಿಡವಿಟ್ ಟೈಪ್ ಮಾಡಿಸಲು ಬಂದವರು ಅದನ್ನು ನೋಡಿ ಕೇಳುತ್ತಾರೆ. ಹಾವೇರಿ, ಹುಬ್ಬಳ್ಳಿಯಿಂದ ಕೆಲವರು ಕಾಗದವನ್ನೂ ಬರೆದಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ನನ್ನ ಎಂಪಿ ಯಾರು ಅಂತಾನೇ ಗೊಂದಲ ಐತ್ರಿ. ಹೆಂಗ್ ತಿಳ್ಕೊಳ್ಳೋದು?

ನಗುವ ಪ್ರಶ್ನೆ ಅಲ್ಲ ಇದು. ನಮ್ಮ ಕಡೆ ಜಿಲ್ಲೆಯ ಗಡಿ ಬೇರೆ, ಲೋಕಸಭೆ ಕ್ಷೇತ್ರದ ಗಡಿ ಬೇರೆ. ನರಗುಂದ ಇರುವುದು ಗದಗ ಜಿಲ್ಲೆಯಲ್ಲಿ, ಆದರೆ ಅಲ್ಲಿನವರು ಓಟು ಹಾಕುವುದು ಬಾಗಲಕೋಟೆ ಲೋಕಸಭೆ ಕ್ಷೇತ್ರಕ್ಕೆ. ಶಿಗ್ಗಾವಿ ಹಾವೇರಿ ಜಿಲ್ಲೆಯದು, ಎಂಪಿ ಮಾತ್ರ ಧಾರವಾಡ ಕ್ಷೇತ್ರದವರು. ಗದಗ, ರೋಣ, ಶಿರಹಟ್ಟಿಯವರಿಗೆ ಹಾವೇರಿಯ ಸಂಸದರೇ ಸಂಸದರು. ಮೊದಲು ನಿಮ್ಮ ವಿಧಾನಸಭೆ ಕ್ಷೇತ್ರ ಯಾವುದು ನೋಡಿ. ಅದು ಯಾವ ಲೋಕಸಭೆ ಕ್ಷೇತ್ರಕ್ಕೆ ಸೇರಿದೆ ಅಂತ ಆಮೇಲೆ ನೋಡಿ. ಜಿಲ್ಲೆ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ಹಿಂದಿನ ಬೆಂಚಿನವರು ಅಂದ್ರ ಸಾಲ್ಯಾಗಿನ ದಡ್ಡ ಹುಡುಗರು ಇದ್ದಂಗಾ?

ಅಲ್ಲ. ಸಚಿವರು, ಪಕ್ಷಗಳ ನಾಯಕರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಉಳಿದವರು ಹಿಂದೆ. ಲೋಕಸಭೆಯ ಚುನಾಯಿತ 543 ಮಂದಿಯಲ್ಲಿ ಹೆಚ್ಚಿನವರು ಹಿಂದಿನ ಬೆಂಚಿನವರೇ. ಟಿವಿಯಲ್ಲಿ ಕಾಣುವುದು ಮುಂದಿನ ಸಾಲು. ನಮ್ಮ ಊರಿನ ರೈಲು, ಮೆಣಸಿನಕಾಯಿ ದರ, ಬೆಳೆವಿಮೆ ಬಗ್ಗೆ ಚೀಟಿ ಹಿಡಿದು ಎದ್ದು ನಿಲ್ಲುವುದು ಬಹುಮಟ್ಟಿಗೆ ಹಿಂದಿನ ಸಾಲು.

ಧಾರವಾಡದ ಸಂಸದರ ಹೆಸರು ಹಾಕಿ ಹುಡುಕಿದೆ. ಈಗಿನ ಲೋಕಸಭೆಯಲ್ಲಿ ಒಂದೂ ಪ್ರಶ್ನೆ ಇಲ್ಲ. ಸುಮ್ನೆ ಕೂತಿರ್ತಾರಾ?

ಪ್ರಲ್ಹಾದ್ ಜೋಶಿ 2019ರಿಂದ ಕೇಂದ್ರ ಸಚಿವರು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಬಂದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಹಾಜರಿಯನ್ನೂ ಹಾಕುವುದಿಲ್ಲ. ಹೀಗಾಗಿ ಸೊನ್ನೆ ಎಂದು ಕಂಡರೆ ಅದು ಸೊನ್ನೆ ಅಲ್ಲ, ಆ ಲೆಕ್ಕ ಅವರಿಗೆ ಅನ್ವಯಿಸುವುದೇ ಇಲ್ಲ. ಅವರು ಮೊದಲು ಗೆದ್ದದ್ದು 2004ರಲ್ಲಿ. ಅಲ್ಲಿಂದ 2019ರವರೆಗಿನ ಪ್ರಶ್ನೆಗಳು ಕಡತದಲ್ಲಿ ಸಿಗುತ್ತವೆ. ಸ್ಪೀಕರ್, ಸಭಾಪತಿ ಪೀಠದಲ್ಲಿ ಕೂತವರದ್ದೂ ಇದೇ ಕಥೆ. ಬಸವರಾಜ ಹೊರಟ್ಟಿಯವರು 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಪರಿಷತ್ತಿಗೆ ಗೆದ್ದು ಬಂದವರು. ಸಭಾಪತಿಯಾಗಿದ್ದ ಅವಧಿಯಲ್ಲಿ ಅವರ ಹೆಸರಿನ ಪ್ರಶ್ನೆ ಹುಡುಕಿದರೆ ಹೊತ್ತು ದಂಡ.

ಇದೆಲ್ಲ ಎಲ್ಲಿ ಸಿಗುತ್ತೆ? ದಿಲ್ಲಿಗೆ ಹೋಗಬೇಕಾ?

ಬೇಡ, ಮೊಬೈಲ್ ಸಾಕು. ಸಂಸದ್ ಡಾಟ್ ಇನ್ ಎಂಬ ತಾಣದಲ್ಲಿ ಎರಡೂ ಸದನಗಳ ಪ್ರಶ್ನೋತ್ತರ, ಚರ್ಚೆಯ ಪೂರ್ತಿ ಪಠ್ಯ, ಸಮಿತಿ ವರದಿಗಳಿವೆ. ಸದಸ್ಯರ ಹೆಸರು, ಸಚಿವಾಲಯ ಹಾಕಿ ಹುಡುಕಬಹುದು. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಪ್ರತಿ ಸಂಸದರ ಹಾಜರಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆಗಳ (ಸಚಿವರಲ್ಲದ ಸದಸ್ಯರು ತಾವೇ ತರುವ ಮಸೂದೆಗಳು) ಲೆಕ್ಕವನ್ನು ಒಂದೇ ಪುಟದಲ್ಲಿ ಕೊಡುತ್ತದೆ. ಶುರು ಮಾಡಲು ಅದು ಸುಲಭ. ನೇರ ಕಲಾಪಕ್ಕೆ ಸಂಸದ್ ಟಿವಿ ಇದೆ.

ಹುಡುಕುವಾಗ ಒಂದು ಕಿವಿಮಾತು. ಕಡತ ಇರುವುದು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ಅಲ್ಲಿ ಹುಬ್ಬಳ್ಳಿಯ ಕಾಗುಣಿತ ಎರಡು ಥರ ಇದೆ. 2014ರ ನವೆಂಬರ್ 1ಕ್ಕೆ ಹೆಸರು ಬದಲಾದ ಮೇಲೂ ಹಳೆಯ ‘ಹುಬ್ಳಿ’ ಹೋಗಿಲ್ಲ. ಮಹದಾಯಿ ನದಿಯಂತೂ ಮಹದಾಯಿ, ಮ್ಹಾದೇಯಿ, ಮಾಂಡೋವಿ ಎಂದು ಮೂರು ವೇಷದಲ್ಲಿ ಕೂತಿದೆ. ಒಂದೇ ಕಾಗುಣಿತ ಹಾಕಿ ಹುಡುಕಿ "ನಮ್ಮವರು ಕೇಳಿಯೇ ಇಲ್ಲ" ಎಂದು ಬೈಯಬೇಡಿ.

## ಪ್ರಶ್ನೆ ಮತ್ತು ಉತ್ತರ

ಚುಕ್ಕೆ ಪ್ರಶ್ನೆ, ಚುಕ್ಕೆ ಇಲ್ಲದ ಪ್ರಶ್ನೆ, ಏನ್ ಫರಕು?

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಒಬ್ಬ ಸದಸ್ಯರು ದಿನವೊಂದಕ್ಕೆ ಐದು ಪ್ರಶ್ನೆಗಳಷ್ಟೇ ಕೊಡಬಹುದು, ಅದರಲ್ಲಿ ಚುಕ್ಕೆ ಪಟ್ಟಿಗೆ ಹತ್ತುವುದು ಒಂದೇ. ಯಾರದು ಬರಬೇಕು ಎಂಬುದನ್ನು ಲಾಟರಿ ಎತ್ತಿ ನಿರ್ಧರಿಸುತ್ತಾರೆ. 20ರಲ್ಲಿ ಬಾಯಿಮಾತಿನ ಉತ್ತರ ಸಿಗುವುದು ನಾಲ್ಕೈದಕ್ಕೆ ಮಾತ್ರ. ಅಷ್ಟರಲ್ಲಿ ಗಂಟೆ ಹನ್ನೆರಡು, ಪ್ರಶ್ನೋತ್ತರ ಅವಧಿ ಮುಗಿಯುತ್ತದೆ. ಗದ್ದಲವಾದರೆ ಅದೂ ಇಲ್ಲ. ಉಳಿದವಕ್ಕೆ ಲಿಖಿತ ಉತ್ತರವೇ ಗತಿ.

ಹೀಗಾಗಿ ಚುಕ್ಕೆ ಪ್ರಶ್ನೆ ಕಡಿಮೆ ಇದೆ ಎಂದು ಸಂಸದರನ್ನು ದೂರುವುದು ಅನ್ಯಾಯ. ಲಾಟರಿ ಹತ್ತಿದ ದಿನ ಅವರು ಸದನದಲ್ಲಿದ್ದರಾ, ಉಪಪ್ರಶ್ನೆ ಕೇಳಿದರಾ ನೋಡಿ. ಹೆಸರು ಕೂಗಿದಾಗ ಕುರ್ಚಿ ಖಾಲಿ ಇತ್ತು ಅಂದರೆ ಬೈಯಲು ಕಾರಣ ಸಿಕ್ಕಿತು.

ನಮ್ಮ ಎಂಪಿ 200 ಪ್ರಶ್ನೆ ಕೇಳ್ಯಾರ, ಬಾಜೂ ಕ್ಷೇತ್ರದವ್ರು 60. ನಮ್ಮವ್ರೇ ಶಾಣ್ಯಾ ಅಲ್ರೀ?

ನಾನೂ ಹೀಗೇ ಎಣಿಸಿ ಒಮ್ಮೆ ಮಂಗ್ಯಾ ಆಗಿದ್ದೇನೆ. ಒಬ್ಬ ಸಂಸದರ ಹೆಸರಿನಲ್ಲಿ ಒಂದೇ ವಾರ ಏಳು ಪ್ರಶ್ನೆ ನೋಡಿ ಖುಷಿಯಾಗಿ ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಪರಿಚಯದ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ ಓದಿ, "ಮೇಲ ಇನ್ನೂ ಹತ್ತು ಹೆಸರು ಅದಾವಲ್ಲೋ ತಮ್ಮಾ" ಅಂದರು. ಒಂದೇ ಥರದ ಪ್ರಶ್ನೆಗಳು ಬೇರೆ ಬೇರೆ ಸದಸ್ಯರಿಂದ ಬಂದರೆ ಅವನ್ನು ಒಟ್ಟುಗೂಡಿಸಿ, ಎಲ್ಲರ ಹೆಸರೂ ಹಾಕಿ, ಒಂದೇ ಉತ್ತರ ಕೊಡುತ್ತಾರೆ. ಲೆಕ್ಕದಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಒಂದೊಂದು. ಏಳರಲ್ಲಿ ಆರು ಅಂಥವು. ಗೋಡೆಯ ಹಾಳೆ ಆ ದಿನವೇ ಕಿತ್ತೆ.

ಈಗ ಎಣಿಸುವ ಮೊದಲು ಒಂದೇ ಪರೀಕ್ಷೆ ಮಾಡುತ್ತೇನೆ. ಪ್ರಶ್ನೆಯಲ್ಲಿ ನಮ್ಮ ಕಡೆಯ ಊರು, ಯೋಜನೆ, ಬೆಳೆ, ಏನಾದರೂ ಇದೆಯಾ? "ದೇಶದಲ್ಲಿ ಎಷ್ಟು ಕೌಶಲ್ಯ ಕೇಂದ್ರಗಳಿವೆ" ಎಂದು ಯಾರು ಬೇಕಾದರೂ ಕೇಳಬಹುದು. ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಕೇಳಬೇಕಾದರೆ ಬ್ಯಾಡಗಿ ಗೊತ್ತಿರಬೇಕು.

ಉತ್ತರದ ಹಾಳಿ ಓದಿದೆ. ಎರಡು ಪುಟ ಐತಿ, ಏನೂ ತಿಳೀಲಿಲ್ಲ.

ತಿಳಿಯದಿರಲಿ ಅಂತಲೇ ಬರೆದಂತೆ ಇರುತ್ತವೆ ಕೆಲವು. ರೈಲ್ವೆಯ ಉತ್ತರವನ್ನೇ ತೆಗೆದುಕೊಳ್ಳಿ. ಗದಗ–ಯಲವಿಗಿ ಮಾರ್ಗ, ಹುಬ್ಬಳ್ಳಿ–ಅಂಕೋಲಾ ಮಾರ್ಗ, ಕಿತ್ತೂರು ಮೇಲಿನ ಧಾರವಾಡ–ಬೆಳಗಾವಿ ಮಾರ್ಗ, ನೀವು ಯಾವುದನ್ನು ಕೇಳಿದರೂ ಮೊದಲು ಒಂದು ಸಿದ್ಧ ವಾಕ್ಯ ಬರುತ್ತದೆ: ರೈಲ್ವೆ ಯೋಜನೆಗಳನ್ನು ವಲಯವಾರು ಮಂಜೂರು ಮಾಡುತ್ತೇವೆ, ರಾಜ್ಯವಾರು ಅಲ್ಲ. ಆಮೇಲೆ ಇಡೀ ಕರ್ನಾಟಕಕ್ಕೆ ಎಷ್ಟು ಕೋಟಿ ಕೊಟ್ಟೆವು ಎಂಬ ಲೆಕ್ಕ. ಕೊನೆಗೆ ಇನ್ನೊಂದು ಸಿದ್ಧ ವಾಕ್ಯ: ಕೆಲಸ ಮುಗಿಯುವುದು ರಾಜ್ಯ ಸರ್ಕಾರದ ಭೂಸ್ವಾಧೀನ, ಅರಣ್ಯ ಇಲಾಖೆಯ ಅನುಮತಿ, ಭೂಮಿಯ ಗುಣ, ಕಾನೂನು ಸುವ್ಯವಸ್ಥೆ, ವರ್ಷದಲ್ಲಿ ಎಷ್ಟು ತಿಂಗಳು ಕೆಲಸ ಮಾಡಬಹುದು ಎಂಬುದರ ಮೇಲೆಲ್ಲ ಅವಲಂಬಿಸಿದೆ.

ಆ ಮೊದಲ, ಕೊನೆಯ ಪ್ಯಾರಾಗಳ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆಯಿರಿ. ನಡುವೆ ಉಳಿದದ್ದು ಉತ್ತರ. ಕೆಲವೊಮ್ಮೆ ಎರಡೇ ಸಾಲು ಉಳಿಯುತ್ತದೆ, ಆದರೆ ಬೇಕಾದ್ದು ಅದರಲ್ಲೇ ಇರುತ್ತದೆ. ‘ಸಮೀಕ್ಷೆಗೆ ಮಂಜೂರಾತಿ’ ಇದೆಯಾ, ‘ವಿವರ ಯೋಜನಾ ವರದಿ ಸಿದ್ಧ’ ಇದೆಯಾ, ‘ಕಾಮಗಾರಿಗೆ ಮಂಜೂರಾತಿ’ ಇದೆಯಾ? ಮೂರೂ ಬೇರೆ ಬೇರೆ ಮೆಟ್ಟಿಲು. ಪತ್ರಿಕಾ ಹೇಳಿಕೆಯಲ್ಲಿ ಮೂರಕ್ಕೂ "ರೈಲು ಬಂತು" ಎಂದೇ ಇರುತ್ತದೆ. ಹೋದ ಅಧಿವೇಶನದ ಉತ್ತರದ ಪಕ್ಕ ಈ ಸಲದ್ದನ್ನು ಇಟ್ಟು ನೋಡಿ. ಮೆಟ್ಟಿಲು ಬದಲಾಗಿದ್ದರೆ ಸುದ್ದಿ. ಇಲ್ಲದಿದ್ದರೆ ತಾರೀಖು ಬದಲಾದ ಅದೇ ಕಾಗದ.

ಇನ್ನೊಂದು, ಪ್ರಶ್ನೆಗೆ (ಎ), (ಬಿ), (ಸಿ), (ಡಿ) ಎಂದು ಭಾಗಗಳಿರುತ್ತವೆ. ಉತ್ತರ "(ಎ)ಯಿಂದ (ಡಿ)ವರೆಗೆ" ಎಂದು ಒಟ್ಟಿಗೆ ಶುರುವಾದರೆ ಹುಷಾರು. ನಾಲ್ಕರಲ್ಲಿ ಒಂದನ್ನು ನುಂಗಿರುತ್ತಾರೆ. ಹೆಚ್ಚಾಗಿ ‘ಯಾವಾಗ ಮುಗಿಯುತ್ತದೆ’ ಎಂದು ಕೇಳಿದ್ದನ್ನೇ.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂದ್ರೆ ಕಥೆ ಮುಗೀತಾ?

ಇಲ್ಲ, ಅಲ್ಲೇ ಶುರು. ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ’, ‘ಪರಿಶೀಲಿಸುತ್ತೇನೆ’ ಎಂಬಂಥ ಮಾತುಗಳನ್ನು ಸದನ ಭರವಸೆ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಇದಕ್ಕಾಗಿಯೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು ಎಂಬುದು ನಿಯಮ. ಆಗದಿದ್ದರೆ ಸಚಿವಾಲಯ ಸಮಿತಿಯಿಂದ ಹೆಚ್ಚಿನ ಕಾಲಾವಕಾಶ ಕೇಳಬೇಕು. ವರ್ಷಗಟ್ಟಲೆ ಬಾಕಿ ಬಿದ್ದವೂ ಇವೆ. ನಿಮ್ಮ ಸಂಸದರ ಪ್ರಶ್ನೆಗೆ ಇಂಥ ಉತ್ತರ ಬಂದಿದ್ದರೆ ಮೂರು ತಿಂಗಳ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಅವರು ಮರೆತರೂ ನೀವು ಮರೆಯಬೇಡಿ.

## ಮಾತು ಮತ್ತು ಹಾಜರಿ

ನಮ್ಮ ಊರಿನ ಬಗ್ಗೆ ಎಂಪಿ ಗುಡುಗಿದ ವಿಡಿಯೋ ವಾಟ್ಸಾಪ್‌ನಲ್ಲಿ ಬಂತು. ಇನ್ನು ಕೆಲಸ ಆಗುತ್ತೆ ಅಲ್ವಾ?

ವಿಡಿಯೋ ಶೂನ್ಯ ವೇಳೆಯದಾಗಿದ್ದರೆ (ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು) ಸಚಿವರು ಅಲ್ಲೇ ಉತ್ತರ ಕೊಡಬೇಕೆಂದಿಲ್ಲ. ಮೇಜಿನ ಮೇಲಿನ ಮೈಕಿನ ಮುಂದೆ ಎರಡು ನಿಮಿಷ, ಅಷ್ಟೇ. ಲೋಕಸಭೆಯಲ್ಲಿ ನಿಯಮ 377 ಎಂಬ ಇನ್ನೊಂದು ದಾರಿ ಇದೆ. 250 ಪದದೊಳಗೆ ಬರೆದು ಕೊಡಬೇಕು. ಅದಕ್ಕೆ ಸಚಿವರು ಆಮೇಲೆ ಸಂಸದರಿಗೆ ಪತ್ರ ಬರೆದು ಉತ್ತರಿಸುತ್ತಾರೆ. ವಿಡಿಯೋ ಎಲ್ಲರಿಗೂ ಬರುತ್ತದೆ, ಆ ಪತ್ರ ಬರುವುದಿಲ್ಲ. ಸಂಸದರ ಕಚೇರಿಗೆ ಹೋಗಿ "ಸರ್, ಅವತ್ತಿನ ವಿಷಯಕ್ಕೆ ಬಂದ ಪತ್ರದ ಒಂದು ಝೆರಾಕ್ಸ್ ಕೊಡ್ರಿ" ಅನ್ನಿ. ಕೊಟ್ಟರೆ ಒಳ್ಳೆಯದು. ಮುಖ ಮುಖ ನೋಡಿಕೊಂಡರೆ ಅದನ್ನೂ ಬರೆದಿಡಿ.

ಭಾಷಣದ ಪಟ್ಟಿಯಲ್ಲಿ ಹೆಸರಿದೆ, ವಿಡಿಯೋದಲ್ಲಿ ಆಸಾಮಿಯೇ ಇಲ್ಲ. ಮೋಸಾನಾ?

ಮೋಸ ಅಲ್ಲ. ಸಮಯ ಇಲ್ಲದಾಗ ಬರೆದ ಭಾಷಣವನ್ನು ಸದನದ ಮೇಜಿನ ಮೇಲೆ ಇಡಲು ಬಿಡುತ್ತಾರೆ. ಬಜೆಟ್ ಚರ್ಚೆಯಲ್ಲಿ ಇದು ಜಾಸ್ತಿ. ಪೂರ್ತಿ ಪಠ್ಯದಲ್ಲಿ ಅಂಥದಕ್ಕೆ ‘ಮಂಡಿಸಲಾಯಿತು’ ಎಂಬ ಗುರುತು ಇರುತ್ತದೆ. ನಾನು ಅವುಗಳನ್ನು ಬೇರೆ ಕಾಲಂನಲ್ಲಿ ಬರೆಯುತ್ತೇನೆ. ಪಕ್ಷದ ಬಲದ ಮೇಲೆ ಮಾತಿನ ಸಮಯ ಹಂಚುವುದರಿಂದ ಹಿಂದಿನ ಬೆಂಚಿನವರಿಗೆ ಮೂರೋ ಐದೋ ನಿಮಿಷ ಸಿಕ್ಕರೆ ಪುಣ್ಯ. ಪಠ್ಯದ ನಡುವೆ ನಕ್ಷತ್ರದ ಗುರುತು ಕಂಡರೆ ಅದು ಸ್ಪೀಕರ್ ಕಡತದಿಂದ ತೆಗೆಸಿದ ಮಾತು.

ದಿಲ್ಯಾಗ ಕನ್ನಡದಾಗ ಮಾತಾಡಬಹುದೇನ್ರಿ?

ಧಾರಾಳವಾಗಿ. ಹಿಂದಿ, ಇಂಗ್ಲಿಷ್ ಬಾರದವರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಂವಿಧಾನದ 120ನೇ ವಿಧಿಯಲ್ಲೇ ಅವಕಾಶವಿದೆ. ಈಗ ಕನ್ನಡಕ್ಕೆ ಅಲ್ಲೇ ಅನುವಾದ ಮಾಡುವವರೂ ಇದ್ದಾರೆ.

ಹಾಜರಿ ಶೇ 95 ಅಂತ ಫ್ಲೆಕ್ಸ್ ಹಾಕ್ಯಾರ. ಅದು ದೊಡ್ಡದಲ್ಲೇನು?

ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಬಡಕಲು ಅಂಕಿ. ಹಾಜರಿ ಬಿದ್ದರೆ ಆ ದಿನದ ಭತ್ಯೆಯೂ ಸಿಗುತ್ತದೆ. ಹಾಜರಿ ಹಾಕಿ ಹತ್ತು ನಿಮಿಷಕ್ಕೆ ಎದ್ದು ಹೋದರೂ ಲೆಕ್ಕದಲ್ಲಿ ಬದಲಾವಣೆ ಇಲ್ಲ. ತೀರಾ ಕಡಿಮೆ ಇದ್ದಾಗ ಮಾತ್ರ ಏನೋ ಹೇಳುತ್ತದೆ. ಅನುಮತಿ ಇಲ್ಲದೆ 60 ದಿನ ಗೈರಾದರೆ ಸದನ ಆ ಸ್ಥಾನವನ್ನು ಖಾಲಿ ಎಂದು ಸಾರಬಹುದು.

## ಮತ ಹಾಕಿದ್ದು

ಇಂಥಾ ಮಸೂದೆಗೆ ಪರ ಹಾಕಿದ್ರಾ, ವಿರೋಧಾನಾ? ಎಲ್ಲೂ ಸಿಗ್ತಿಲ್ಲ.

ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ‘ಹೌದು’ ಎನ್ನುವವರ ದನಿ, ‘ಇಲ್ಲ’ ಎನ್ನುವವರ ದನಿ ಕೇಳಿ ಸ್ಪೀಕರ್ ತೀರ್ಮಾನ ಹೇಳುತ್ತಾರೆ. ಯಾರು ಏನೆಂದರು ಎಂಬ ದಾಖಲೆ ಉಳಿಯುವುದಿಲ್ಲ. ಸದಸ್ಯರು ಮತ ವಿಭಜನೆ ಕೇಳಿದಾಗ ಮಾತ್ರ ಗಂಟೆ ಬಾರಿಸಿ, ಬಾಗಿಲು ಹಾಕಿ, ಬಟನ್ ಒತ್ತಿಸುತ್ತಾರೆ. ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ಸಂವಿಧಾನ ತಿದ್ದುಪಡಿಗೆ ಈ ಎಣಿಕೆ ಕಡ್ಡಾಯ. ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಪರ 454, ವಿರೋಧ 2 ಮತ ಬಿದ್ದವು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿಗೆ 288, ವಿರೋಧ 232.

ಯಾರ್ಯಾರು ಯಾವ ಕಡೆ ಎಂಬ ಹೆಸರಿನ ಪಟ್ಟಿ ಆ ದಿನದ ಚರ್ಚೆಯ ಪಠ್ಯದಲ್ಲೇ ಇರುತ್ತದೆ. ಬೋರ್ಡಿನ ಮೇಲೆ ಮೊದಲು ಕಂಡ ಅಂಕಿಯನ್ನು ನಂಬಬೇಡಿ. 2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ ಮಸೂದೆ ಮಂಡಿಸುವಾಗ ಬೋರ್ಡು ಮೊದಲು 220–149 ತೋರಿಸಿತ್ತು. ಚೀಟಿಯಲ್ಲಿ ಬಂದ ಮತ ಸೇರಿಸಿದ ಮೇಲೆ ಅದು 269–198 ಆಯಿತು.

ಪಕ್ಷ ಹೇಳಿದಂಗ ಓಟು ಹಾಕ್ತಾರಂದ್ರ ಅದನ್ನ ನೋಡೋದರಾಗ ಏನೈತಿ?

ಅರ್ಧ ನಿಜ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದವರನ್ನು ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ ಸದಸ್ಯತ್ವಕ್ಕೇ ಸಂಚಕಾರ. ಹಾವೇರಿ ಜಿಲ್ಲೆಯವರಿಗೆ ಈ ಕಾನೂನಿನ ಪಾಠ ಹೇಳಬೇಕಿಲ್ಲ. 2019ರಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ಹಿರೇಕೆರೂರು, ರಾಣೆಬೆನ್ನೂರಿನವರೂ ಇದ್ದರು. ಡಿಸೆಂಬರಿನಲ್ಲಿ ಎರಡೂ ಕಡೆ ಮತ್ತೆ ಚುನಾವಣೆ ನಡೆಯಿತು.

ಆದ್ದರಿಂದ ‘ಪರ’, ‘ವಿರೋಧ’ಕ್ಕಿಂತ ಪಟ್ಟಿಯಲ್ಲಿ ಇಲ್ಲದ ಹೆಸರುಗಳನ್ನು ನೋಡಿ. ಮುಜುಗರದ ಮಸೂದೆ ಬಂದ ದಿನ ಯಾರಿಗೆ ಜ್ವರ ಬಂತು, ಯಾರಿಗೆ ಊರಲ್ಲಿ ಮದುವೆ ಇತ್ತು? ನಿಜವಾದ ಜ್ವರವೂ ಇರಬಹುದು, ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಮೂರು ಸಲ ಆದರೆ ಮಾತು ಬೇರೆ. ಮಸೂದೆಯ ಮೇಲೆ ಅವರು ಆಡಿದ ಮಾತನ್ನೂ ಓದಿ. "ಸ್ವಾಗತಿಸುತ್ತೇನೆ, ಆದರೆ..." ಎಂದು ಶುರು ಮಾಡಿದವರ ಮನಸ್ಸು ಆ ‘ಆದರೆ’ಯ ಮುಂದೆ ಇರುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ನಮ್ಮ ಎಂಎಲ್ಎದೂ ಹೀಗೇ ನೋಡಬಹುದಾ?

ನೋಡಬಹುದು, ಸ್ವಲ್ಪ ತಾಳ್ಮೆ ಬೇಕು. ವಿಧಾನಸಭೆಯ ತಾಣದಲ್ಲಿ ಪ್ರಶ್ನೋತ್ತರಗಳು ದಿನವಾರು ಇರುತ್ತವೆ. ಲಾಭ ಏನೆಂದರೆ ಎಲ್ಲ ಕನ್ನಡದಲ್ಲೇ ಇದೆ. ಉತ್ತರದ ಜೊತೆಯ ಅನುಬಂಧ ಬಿಡಬೇಡಿ. ತಾಲ್ಲೂಕುವಾರು, ಕೆಲವೊಮ್ಮೆ ಊರುವಾರು ಪಟ್ಟಿ ಅಲ್ಲಿರುತ್ತದೆ. ನಮ್ಮ ಊರಿನ ರಸ್ತೆ ಕಾಗದದಲ್ಲಿ ಮುಗಿದಿದೆ ಎಂದು ಗೊತ್ತಾಗುವುದು ಅಲ್ಲೇ. ಮತ ವಿಭಜನೆ ಅಪರೂಪ. 2019ರ ಜುಲೈ 23ರ ವಿಶ್ವಾಸಮತದಲ್ಲಿ ಸಾಲುಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು, ಪರ 99, ವಿರೋಧ 105. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದು ರಾಜ್ಯದ 2005ರ ಕಾಯ್ದೆಯೇ ಹೇಳುತ್ತದೆ. ಎಷ್ಟು ದಿನ ನಡೆಯಿತು ಎಂದು ನೀವೇ ಎಣಿಸಿ ನೋಡಿ. ಬೇಜಾರಾದರೆ ನಾನು ಜವಾಬ್ದಾರನಲ್ಲ.

ಸದನದಲ್ಲಿ ಮಾತೇ ಆಡದವರು ಸಮಿತಿಯಲ್ಲಿ ಕೆಲಸ ಮಾಡ್ತಾರೆ ಅಂತಾರಲ್ಲ, ಖರೇನಾ?

ಖರೇ ಇರಬಹುದು. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 24. ಒಂದೊಂದರಲ್ಲಿ 31 ಮಂದಿ, 21 ಲೋಕಸಭೆಯವರು, 10 ರಾಜ್ಯಸಭೆಯವರು. ಸಭೆ ಬಾಗಿಲು ಹಾಕಿ ನಡೆಯುತ್ತದೆ, ಟಿವಿ ಇಲ್ಲ. ಆದರೆ ವರದಿಯ ಕೊನೆಗೆ ಸಭೆಯ ನಡಾವಳಿ ಅಂಟಿಸಿರುತ್ತಾರೆ. ಯಾರು ಬಂದಿದ್ದರು ಎಂಬ ಪಟ್ಟಿ ಅದರಲ್ಲಿದೆ. ಭಿನ್ನಮತದ ಟಿಪ್ಪಣಿ ಬರೆದಿದ್ದರೆ ಅದೂ ಇರುತ್ತದೆ. ಕ್ಯಾಮೆರಾ ಇಲ್ಲದ ಕಡೆ ಹೋಗಿ ಕೂತವರ ಬಗ್ಗೆ ನನಗೆ ಒಂದು ತೂಕ ಗೌರವ ಹೆಚ್ಚು.

ಖಾಸಗಿ ಮಸೂದೆ ಮಂಡಿಸಿದ್ದಾರೆ, ಕಾನೂನು ಆಗುತ್ತಾ?

ಆಗುವುದಿಲ್ಲ ಎಂದೇ ಹಿಡಿಯಿರಿ. ಸ್ವಾತಂತ್ರ್ಯ ಬಂದ ಮೇಲೆ ಪಾಸಾದವು 14. ಕೊನೆಯದು 1970ರಲ್ಲಿ. ಆದರೂ ಓದಿ. ಪಕ್ಷದ ಚೀಟಿ ಇಲ್ಲದೆ ಆ ವ್ಯಕ್ತಿ ಏನು ಯೋಚಿಸುತ್ತಾರೆ ಎಂದು ತಿಳಿಯುವ ಕೆಲವೇ ಜಾಗಗಳಲ್ಲಿ ಇದೊಂದು.

ನಮ್ಮ ಊರ ಪ್ರಶ್ನೆ ಎಂಪಿ ಕಡೆಯಿಂದ ಕೇಳಿಸಬಹುದಾ?

ಕೇಳಿಸಬಹುದು, ಅವರಿಗೂ ಅದು ಬೇಕಿರುತ್ತದೆ. ಮೊದಲು ವಿಷಯ ಯಾರದ್ದು ನೋಡಿ. ಹುಬ್ಬಳ್ಳಿ–ಧಾರವಾಡ ಬೈಪಾಸ್ ರಾಷ್ಟ್ರೀಯ ಹೆದ್ದಾರಿ, ಸಂಸತ್ತಿನಲ್ಲಿ ಕೇಳಬಹುದು. ಅವೆರಡು ಊರಿನ ನಡುವಿನ ಚಿಗರಿ ಬಸ್ಸು ಕೆಟ್ಟರೆ ಶಾಸಕರನ್ನು ಹಿಡಿಯಿರಿ. ನಿಮ್ಮ ಓಣಿಯ ಗಟಾರಕ್ಕೆ ದಿಲ್ಲಿ, ಬೆಂಗಳೂರು ಎರಡೂ ಬೇಡ, ಹುಬ್ಬಳ್ಳಿ–ಧಾರವಾಡ ಪಾಲಿಕೆಯ 82 ವಾರ್ಡ್‌ಗಳಲ್ಲಿ ನಿಮ್ಮದರ ಸದಸ್ಯರು ಸಾಕು.

ಪ್ರಶ್ನೆ 150 ಪದದೊಳಗಿರಲಿ. ಅಭಿಪ್ರಾಯ ಕೇಳಬೇಡಿ, ಮಾಹಿತಿ ಕೇಳಿ. "ಕಳಸಾ–ಬಂಡೂರಿಗೆ ಅನ್ಯಾಯ ಮಾಡಿದ್ದೇಕೆ" ಎಂದರೆ ತಿರಸ್ಕಾರ ಗ್ಯಾರಂಟಿ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, 2020ರ ಫೆಬ್ರುವರಿಯಲ್ಲಿ ಅಧಿಸೂಚನೆ ಬಂತು. ಅಲ್ಲಿಂದ ಮುಂದೆ ಯಾವ ಅರ್ಜಿ ಯಾವ ತಾರೀಖಿಗೆ ಯಾವ ಕಚೇರಿಗೆ ಬಂತು, ಈಗ ಯಾವ ಹಂತದಲ್ಲಿದೆ ಎಂದು ಕೇಳಿ. ತಾರೀಖು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಉತ್ತರ ಬರಬೇಕಾದ ದಿನಕ್ಕಿಂತ 15 ದಿನ ಮೊದಲೇ ನೋಟಿಸ್ ಕೊಡಬೇಕು, ಹಾಗಾಗಿ ಅಧಿವೇಶನ ಶುರುವಾದ ಮೇಲೆ ಓಡಬೇಡಿ.

ದುಡ್ಡು ಕೊಟ್ರೆ ಪ್ರಶ್ನೆ ಕೇಳ್ತಾರಂತೆ ಹೌದಾ?

ಹಾಗೆ ಸಿಕ್ಕಿಬಿದ್ದವರಿದ್ದಾರೆ. 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಹೊರಹಾಕಿದರು. ಒಂದೇ ಕಂಪನಿಗೆ ಅನುಕೂಲವಾಗುವ ಪ್ರಶ್ನೆಗಳು ಸಾಲಾಗಿ ಕಂಡರೆ ಗುರುತು ಹಾಕಿಕೊಳ್ಳಿ. ಆದರೆ ಪುರಾವೆ ಇಲ್ಲದೆ ಬಾಯಿಗೆ ಬಂದಂತೆ ಬರೆಯಬೇಡಿ.

ಇದನ್ನೆಲ್ಲ ಬರೆದು ಹಂಚಿದ್ರೆ ಹಕ್ಕುಚ್ಯುತಿ ಅಂತ ಹಿಡ್ಕೊಂಡು ಹೋಗ್ತಾರಾ?

ಹಕ್ಕುಚ್ಯುತಿ ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪ. ಸದನದಲ್ಲಿ ನಡೆದದ್ದನ್ನು ಸರಿಯಾಗಿ, ದುರುದ್ದೇಶವಿಲ್ಲದೆ ಪತ್ರಿಕೆಯಲ್ಲಿ ವರದಿ ಮಾಡಿದರೆ ಸಂವಿಧಾನದ 361ಎ ವಿಧಿಯ ರಕ್ಷಣೆ ಇದೆ. ಕಡತದಿಂದ ತೆಗೆದ ಮಾತನ್ನು ಹಾಕಬೇಡಿ. ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 2017ರಲ್ಲಿ ನಮ್ಮ ವಿಧಾನಸಭೆ ಇಬ್ಬರು ಸಂಪಾದಕರಿಗೆ ಹಕ್ಕುಚ್ಯುತಿಗಾಗಿ ಒಂದು ವರ್ಷ ಜೈಲು ಎಂದು ನಿರ್ಣಯ ಮಾಡಿತ್ತು. ನಾನು ಪ್ರಶ್ನೆ ಸಂಖ್ಯೆ, ತಾರೀಖು ಇಲ್ಲದ ಒಂದು ಸಾಲನ್ನೂ ಗೋಡೆಗೆ ಅಂಟಿಸುವುದಿಲ್ಲ.

ನಿಮ್ಮ ಪುಸ್ತಕದಾಗ ಏನೇನು ಕಾಲಂ ಮಾಡೀರಿ? ನಾನೂ ಶುರು ಮಾಡ್ತೀನಿ.

ಆರು. ತಾರೀಖು, ಪ್ರಶ್ನೆ ಅಥವಾ ಮಾತಿನ ಸಂಖ್ಯೆ, ವಿಷಯ, ಒಬ್ಬರದೋ ಗುಂಪಿನದೋ, ಉತ್ತರದ ಎರಡು ಸಾಲು, ಕೊನೆಗೆ ‘ಮುಂದೇನಾಯ್ತು’. ಮೊದಲ ಐದನ್ನು ಪೆನ್ನಿನಲ್ಲಿ ಬರೆಯಿರಿ, ಆರನೆಯದನ್ನು ಪೆನ್ಸಿಲಿನಲ್ಲಿ. ಅದೇ ವಿಷಯವನ್ನು ಅದೇ ಸಂಸದರು ಮತ್ತೆ ಎತ್ತಿದರೆ ಹಳೆಯ ಸಾಲಿಗೆ ಹೋಗಿ ಹೊಸ ಪುಟದ ನಂಬರು ಹಾಕಿ. ಅಧಿವೇಶನ ನಡೆಯುವಾಗ ವಾರಕ್ಕೆ ಒಂದು ತಾಸು ಸಾಕು. ರೈಲ್ವೆಯ ಉತ್ತರಗಳು ಲೋಕಸಭೆಯಲ್ಲಿ ಇತ್ತೀಚೆಗೆ ಬುಧವಾರ ಬರುತ್ತವೆ, ನಾನು ಗುರುವಾರ ಸಂಜೆ ಕೂರುತ್ತೇನೆ. ಪುಸ್ತಕ ಉದ್ದದ್ದೇ ತನ್ನಿ. ಆರನೇ ಕಾಲಂಗೆ ಜಾಗ ಜಾಸ್ತಿ ಬಿಡಿ. ನನ್ನದರಲ್ಲಿ ಸದ್ಯಕ್ಕೆ ಅದು ಬಹುತೇಕ ಖಾಲಿ ಇದೆ.